ಮೋಟಾರು ಎತ್ತ ನೋಡಬೇಕು? ಮಾದರಿ ವಿಮಾನದ ಥ್ರಸ್ಟ್ ಲೈನ್ ಹೊಂದಿಸುವ ಬಗೆ

(ರೇಡಿಯೊ ನಿಯಂತ್ರಿತ ಮಾದರಿ ವಿಮಾನಗಳನ್ನು ಹೊಸದಾಗಿ ಕಟ್ಟಿ ಹಾರಿಸಲು ತೊಡಗಿದವರ ಮುಂದೆ ನೀಡಿದ ಉಪನ್ಯಾಸದ ಬರಹ ರೂಪ)

ಎಲ್ಲರಿಗೂ ನಮಸ್ಕಾರ.

ಈ ಮೇಜಿನ ಮೇಲಿರುವ ವಿಮಾನವನ್ನು ದಯವಿಟ್ಟು ಒಮ್ಮೆ ಮೇಲಿನಿಂದ ನೋಡಿ, ಆಮೇಲೆ ಪಕ್ಕದಿಂದಲೂ ನೋಡಿ. ಇದು ಬೆನ್ನ ಮೇಲೆ ರೆಕ್ಕೆಯಿರುವ, ಕಲಿಯುವವರಿಗೆಂದೇ ಕಟ್ಟಿದ ಸಾಧಾರಣ ಟ್ರೈನರ್. ಮೇಲಿನಿಂದ ನೋಡಿದಾಗ ಮೋಟಾರಿನ ದಂಡ ನೇರವಾಗಿ ಮುಂದಕ್ಕೆ ಚಾಚಿಕೊಳ್ಳದೆ ಕೊಂಚ ಬಲಕ್ಕೆ ತಿರುಗಿದಂತೆ ಕಾಣುತ್ತದೆ. ಪಕ್ಕದಿಂದ ನೋಡಿದಾಗ ಅದು ಸ್ವಲ್ಪ ನೆಲದ ಕಡೆಗೆ ಬಾಗಿದೆ. ಇದನ್ನು ಮೊದಲ ಸಲ ಕಂಡವರು ಕಟ್ಟಿದವನ ಕೈತಪ್ಪು ಎಂದುಕೊಂಡು, ವಾಷರ್ ತೆಗೆದು ಮೋಟಾರನ್ನು ನೆಟ್ಟಗೆ ಮಾಡಿಬಿಡುವುದುಂಟು. ಆದರೆ ಈ ವಾರೆ ಬೇಕೆಂದೇ ಇಟ್ಟದ್ದು. ಅದು ಯಾಕೆ ಬೇಕು, ಎಷ್ಟು ಬೇಕು, ಸರಿಯಾಗಿದೆಯೋ ಇಲ್ಲವೋ ಎಂದು ತಿಳಿಯುವುದು ಹೇಗೆ ಎಂಬುದಷ್ಟೇ ಇಂದಿನ ಮಾತಿನ ವಿಷಯ.

ವಿಷಯಕ್ಕೆ ಹೋಗುವ ಮೊದಲು ನನ್ನದೇ ಒಂದು ಅನುಭವವನ್ನು ಹೇಳಬೇಕು. ನಾನು ಕಟ್ಟಿದ ಎರಡನೆಯ ವಿಮಾನ ಅರ್ಧ ಥ್ರಾಟಲಿನಲ್ಲಿ (ಮೋಟಾರಿನ ಬಲ ಏರಿಳಿಸುವ ಕಡ್ಡಿ ಅರ್ಧಕ್ಕಿದ್ದಾಗ) ಬಹಳ ಚೆನ್ನಾಗಿ ಹಾರುತ್ತಿತ್ತು. ಪೂರ್ತಿ ಥ್ರಾಟಲ್ ಕೊಟ್ಟೊಡನೆ ಮಾತ್ರ ಮೂತಿಯನ್ನು ಆಕಾಶಕ್ಕೆತ್ತಿ, ಎಡಕ್ಕೆ ವಾಲುತ್ತಾ ವೇಗ ಕಳೆದುಕೊಳ್ಳುತ್ತಿತ್ತು. ನಾನು ಮೂತಿಗೆ ಸೀಸದ ತುಂಡು ಸೇರಿಸಿದೆ, ಮೂತಿಯನ್ನು ಏರಿಳಿಸುವ ಬಾಲದ ಹಲಗೆಯಾದ ಎಲಿವೇಟರಿನ ಟ್ರಿಮ್ (ಕಡ್ಡಿಯಿಂದ ಕೈಬಿಟ್ಟಾಗ ಅದು ನಿಲ್ಲುವ ಜಾಗದ ಹೊಂದಾಣಿಕೆ) ಇಳಿಸಿದೆ, ಮೂತಿಯನ್ನು ಎಡಬಲಕ್ಕೆ ತಿರುಗಿಸುವ ರಡ್ಡರನ್ನು ಬಲಕ್ಕೆ ಟ್ರಿಮ್ ಮಾಡಿದೆ. ಪೂರ್ತಿ ಥ್ರಾಟಲಿನ ಹಾರಾಟ ಸುಧಾರಿಸಿತು. ಆದರೆ ಇಳಿಯುವಾಗ ಥ್ರಾಟಲ್ ಮುಚ್ಚಿದ ಗಳಿಗೆಯಲ್ಲಿ ಅದೇ ವಿಮಾನ ಬಲಕ್ಕೆ ತಿರುಗುತ್ತಾ ಮೂತಿ ಕೆಳಗೆ ಮಾಡಿ ನೆಲಕ್ಕೆ ಬಡಿಯಿತು. ಫೈರ್‌ವಾಲ್ (ಮೋಟಾರನ್ನು ಬಿಗಿಯುವ ಮೂತಿಯ ಹಲಗೆ) ಕಿತ್ತುಬಂದಿತ್ತು. ಅದನ್ನು ಮತ್ತೆ ಅಂಟಿಸುವಾಗ ಅಳೆದು ನೋಡಿದರೆ ಮೋಟಾರು ಎರಡೂ ದಿಕ್ಕಿನಲ್ಲಿ ಸೊನ್ನೆ ಡಿಗ್ರಿಯಲ್ಲಿತ್ತು. ಮೋಟಾರಿನಿಂದ ಹುಟ್ಟಿದ ತೊಂದರೆಗೆ ನಾನು ಬಾಲದಲ್ಲಿ ಪರಿಹಾರ ಹುಡುಕಿದ್ದೆ. ಮೋಟಾರು ನಿಂತಾಗ ತೊಂದರೆ ಮಾಯವಾಗಿ ಪರಿಹಾರವೇ ತೊಂದರೆಯಾಗಿ ಉಳಿಯಿತು. ಇಂದು ನಾನು ಹೇಳಲಿರುವ ಎಲ್ಲಕ್ಕೂ ಬುಡ ಅಲ್ಲಿದೆ.

ಪ್ರೊಪೆಲ್ಲರ್ ತಿರುಗುವ ದಂಡದ ನಡುವಿನಿಂದ ಹಿಂದಕ್ಕೂ ಮುಂದಕ್ಕೂ ಎಳೆದ ಊಹೆಯ ಗೆರೆಯೇ ಥ್ರಸ್ಟ್ ಲೈನ್. ನೂಕುಬಲ ವಿಮಾನದ ಮೇಲೆ ಬೀಳುವುದು ಈ ಗೆರೆಯ ಗುಂಟ. ಈ ಗೆರೆಯ ಕೋನವನ್ನು ಹೇಳಬೇಕಾದರೆ ಇನ್ನೊಂದು ಗೆರೆ ಬೇಕಷ್ಟೆ. ವಿಮಾನದ ಒಡಲಿನುದ್ದಕ್ಕೆ ನಕ್ಷೆಯಲ್ಲಿ ಎಳೆದಿರುವ ಆಧಾರ ರೇಖೆ ಅದು. ರೆಕ್ಕೆಯ ಕೋನ, ಬಾಲದ ಅಡ್ಡ ಹಲಗೆಯ ಕೋನ, ಮೋಟಾರಿನ ಕೋನ ಮೂರನ್ನೂ ಇದೇ ರೇಖೆಗೆ ಹೋಲಿಸಿ ಹೇಳುತ್ತಾರೆ. ದಂಡದ ಮುಂತುದಿ ಈ ರೇಖೆಗಿಂತ ಕೆಳಕ್ಕೆ ಬಾಗಿದ್ದರೆ ಡೌನ್ ಥ್ರಸ್ಟ್, ಬಲಕ್ಕೆ ತಿರುಗಿದ್ದರೆ ರೈಟ್ ಥ್ರಸ್ಟ್. ಎಡಬಲಗಳನ್ನು ವಿಮಾನದೊಳಗೆ ಪೈಲಟ್ ಕುಳಿತಿದ್ದಾನೆ ಎಂದುಕೊಂಡು, ಅವನ ಕಡೆಯಿಂದಲೇ ಹೇಳಬೇಕು. ವಿಮಾನಕ್ಕೆ ಎದುರಾಗಿ ನಿಂತು ಮೋಟಾರು ಬಿಗಿಯುವಾಗ ಎಡಬಲ ಅದಲುಬದಲಾಗುವುದು ಬಹಳ ಸಾಮಾನ್ಯ.

ಮೊದಲು ಬಲದ ವಾರೆಯನ್ನು ತೆಗೆದುಕೊಳ್ಳೋಣ. ನಮ್ಮ ಬಹುಪಾಲು ವಿಮಾನಗಳಲ್ಲಿ ಪ್ರೊಪೆಲ್ಲರ್, ಹಿಂದಿನಿಂದ ನೋಡಿದಾಗ, ಗಡಿಯಾರದ ಮುಳ್ಳಿನ ದಿಕ್ಕಿನಲ್ಲಿ ತಿರುಗುತ್ತದೆ. ಅದನ್ನು ತಿರುಗಿಸುವ ಮೋಟಾರಿಗೆ ಪ್ರತಿಕ್ರಿಯೆಯಾಗಿ ವಿಮಾನದ ಒಡಲು ಎಡಕ್ಕೆ ಹೊರಳಲು ನೋಡುತ್ತದೆ; ಇದು ಟಾರ್ಕ್. ಪ್ರೊಪೆಲ್ಲರ್ ಹಿಂದಕ್ಕೆ ತಳ್ಳುವ ಗಾಳಿಯೂ ನೇರವಾಗಿ ಹೋಗುವುದಿಲ್ಲ, ಒಡಲನ್ನು ಬಳ್ಳಿಯಂತೆ ಸುತ್ತಿಕೊಂಡು ಹೋಗುತ್ತದೆ. ಒಡಲಿನ ಮೇಲ್ಭಾಗದಲ್ಲಿ ಆ ಸುಳಿ ಎಡದಿಂದ ಬಲಕ್ಕೆ ಬೀಸುವುದರಿಂದ, ಮೇಲೆದ್ದು ನಿಂತಿರುವ ಬಾಲದ ಹಲಗೆಯ ಎಡ ಮಗ್ಗುಲಿಗೆ ಬಡಿದು ಬಾಲವನ್ನು ಬಲಕ್ಕೆ ದೂಡುತ್ತದೆ. ಬಾಲ ಬಲಕ್ಕೆ ಹೋದರೆ ಮೂತಿ ಎಡಕ್ಕೆ ಬರುತ್ತದೆ. ವಿಮಾನ ಮೂತಿಯೆತ್ತಿ ನಿಧಾನವಾಗಿ ಹಾರುವಾಗ ಮೂರನೆಯದೊಂದು ಸೇರಿಕೊಳ್ಳುತ್ತದೆ: ಆಗ ಕೆಳಕ್ಕೆ ಇಳಿಯುವ ಬಲಗಡೆಯ ಅಲಗು ಗಾಳಿಯನ್ನು ಹೆಚ್ಚಿನ ಕೋನದಲ್ಲಿ ಕಚ್ಚುವುದರಿಂದ ನೂಕುಬಲದ ನಡುಬಿಂದು ಬಲಕ್ಕೆ ಸರಿಯುತ್ತದೆ, ಮೂತಿ ಮತ್ತೆ ಎಡಕ್ಕೇ ತಿರುಗುತ್ತದೆ. ಬಾಲದ ಚಕ್ರವಿರುವ ವಿಮಾನ ಓಡುತ್ತಾ ಬಾಲವನ್ನು ಮೇಲೆತ್ತುವಾಗ ತಿರುಗುವ ಪ್ರೊಪೆಲ್ಲರಿನ ಬುಗುರಿಯ ಗುಣದಿಂದಲೂ ಎಡಕ್ಕೇ ಸೆಳೆತ ಉಂಟಾಗುತ್ತದೆ. ಹೀಗೆ ಎಲ್ಲವೂ ಎಡಕ್ಕೆ ಎಳೆಯುವಾಗ ಮೋಟಾರನ್ನು ಬಲಕ್ಕೆ ತಿರುಗಿಸಿಡುವುದು ಅವಕ್ಕೆ ಎದುರಾದ ಒಂದು ಬಲವನ್ನು ಒದಗಿಸುವ ಉಪಾಯ.

ದೊಡ್ಡ ವಿಮಾನಗಳಿಗೂ ಇದೇ ತೊಡಕು ಇತ್ತು. ರೈಟ್ ಸಹೋದರರು 1903ರಲ್ಲಿ ಹಾರಿಸಿದ ವಿಮಾನದಲ್ಲಿ ಎರಡು ಪ್ರೊಪೆಲ್ಲರುಗಳಿದ್ದವು. ಒಂದೇ ಎಂಜಿನ್ನಿನಿಂದ ಅವೆರಡನ್ನೂ ಚೈನಿನ ಮೂಲಕ ತಿರುಗಿಸುತ್ತಿದ್ದ ಅವರು, ಒಂದು ಚೈನನ್ನು ಎಂಟರ ಅಂಕಿಯಂತೆ ಅಡ್ಡ ಹಾಯಿಸಿ ಆ ಪ್ರೊಪೆಲ್ಲರನ್ನು ಎದುರು ದಿಕ್ಕಿನಲ್ಲಿ ತಿರುಗಿಸಿದರು. ಒಂದರ ಟಾರ್ಕನ್ನು ಇನ್ನೊಂದು ಅಳಿಸಿಹಾಕಿತು. ಎರಡನೆಯ ಮಹಾಯುದ್ಧದ ಸ್ಪಿಟ್‌ಫೈರ್ ವಿಮಾನಕ್ಕೆ ಮೊದಲಿದ್ದ ಮರ್ಲಿನ್ ಎಂಜಿನ್ನಿನ ಬದಲು ಗ್ರಿಫನ್ ಎಂಜಿನ್ ಬಂದಾಗ ಪ್ರೊಪೆಲ್ಲರಿನ ದಿಕ್ಕು ತಿರುಗುಮುರುಗಾಯಿತು. ಅಷ್ಟರವರೆಗೆ ಓಡುದಾರಿಯಲ್ಲಿ ಎಡಕ್ಕೆ ಸೆಳೆಯುತ್ತಿದ್ದ ವಿಮಾನ ಬಲಕ್ಕೆ ಸೆಳೆಯತೊಡಗಿ, ಪೈಲಟ್‌ಗಳು ಕಾಲಿನ ಅಭ್ಯಾಸವನ್ನೇ ಬದಲಿಸಿಕೊಳ್ಳಬೇಕಾಯಿತು. ನಮ್ಮ ಹವ್ಯಾಸದೊಳಗೆ ಈ ವಿದ್ಯೆಯನ್ನು ಚೆನ್ನಾಗಿ ಪಳಗಿಸಿದವರು ರಬ್ಬರ್ ಬಲದ ಮಾದರಿಗಳನ್ನು ಹಾರಿಸುವವರು. ಸುತ್ತಿದ ರಬ್ಬರ್ ಬಿಚ್ಚಿಕೊಳ್ಳುವ ಮೊದಲ ಕೆಲವು ಕ್ಷಣಗಳಲ್ಲಿ ಬಲ ಒಮ್ಮೆಲೇ ನುಗ್ಗುತ್ತದೆ, ಆಮೇಲೆ ಇಳಿಯುತ್ತಾ ಹೋಗುತ್ತದೆ. ತಿದ್ದಲು ಕೈಯಲ್ಲಿ ರಿಮೋಟ್ ಇಲ್ಲ. ಹಾಗಾಗಿ ಅವರು ಮೂತಿಯ ಮರದ ತುಂಡಿನ ಹಿಂದೆ ತೆಳು ಚೂರುಗಳನ್ನು ಸಿಕ್ಕಿಸಿ ಕೋನವನ್ನು ಹದ ಮಾಡುತ್ತಾರೆ. ನಾವು ವಾಷರಿನಿಂದ ಮಾಡುವುದು ಅದನ್ನೇ.

ಕೆಳಗಿನ ವಾರೆಯ ಕಾರಣಗಳು ಬೇರೆ. ರೆಕ್ಕೆ ಬೆನ್ನ ಮೇಲಿರುವ ವಿಮಾನದಲ್ಲಿ ಗಾಳಿಯ ಎದುರೆಳೆತದ ಬಹುಭಾಗ ಮೇಲೆ, ಮೋಟಾರು ಕೆಳಗೆ. ಮೇಲೆ ಹಿಡಿದು ಕೆಳಗೆ ಮುಂದಕ್ಕೆ ಎಳೆದರೆ ಯಾವ ವಸ್ತುವಾದರೂ ಮೂತಿಯೆತ್ತುತ್ತದೆ. ಅದರ ಜೊತೆಗೆ ಬಾಲದ ಅಡ್ಡ ಹಲಗೆ ಹೆಚ್ಚಾಗಿ ಕೆಳಮುಖವಾಗಿ ಒತ್ತುತ್ತಿರುತ್ತದೆ. ಪ್ರೊಪೆಲ್ಲರಿನ ಗಾಳಿ ಅದರ ಮೇಲೆ ಜೋರಾದಷ್ಟೂ ಆ ಒತ್ತಡ ಹೆಚ್ಚಿ ಮೂತಿ ಮೇಲೇಳುತ್ತದೆ. ಇವೆರಡೂ ಥ್ರಾಟಲ್ ಏರಿಸಿದ ಗಳಿಗೆಯಲ್ಲೇ ಆಗುವಂಥವು. ಆದರೆ ಮೂರನೆಯದೊಂದಿದೆ: ಗುರುತ್ವ ಕೇಂದ್ರ ತೀರ ಮುಂದಿದ್ದು, ಅದನ್ನು ಸರಿದೂಗಿಸಲು ರೆಕ್ಕೆಗೂ ಬಾಲಕ್ಕೂ ನಡುವಿನ ಕೋನ ಹೆಚ್ಚಾಗಿದ್ದರೆ, ವೇಗ ಏರಿದಂತೆಲ್ಲ ವಿಮಾನ ಮೂತಿಯೆತ್ತುತ್ತದೆ. ಅದು ಥ್ರಾಟಲ್ ಏರಿಸಿದ ಒಂದೆರಡು ಸೆಕೆಂಡಿನ ಬಳಿಕ, ವೇಗ ಬಂದ ಮೇಲೆ ಕಾಣಿಸಿಕೊಳ್ಳುತ್ತದೆ. ಈ ವ್ಯತ್ಯಾಸವನ್ನು ದಯವಿಟ್ಟು ಮನಸ್ಸಿನಲ್ಲಿಟ್ಟುಕೊಳ್ಳಿ. ಥ್ರಾಟಲ್ ಕಡ್ಡಿ ಅಲುಗಿದ ಕೂಡಲೇ ಕಾಣುವ ದೋಷ ಮೋಟಾರಿನ ಕೋನದ್ದು. ವೇಗ ಬದಲಾದ ಮೇಲೆ ಕಾಣುವ ದೋಷ ತೂಕದ್ದು, ರೆಕ್ಕೆ ಬಾಲಗಳ ಕೋನದ್ದು. ಎರಡನೆಯದನ್ನು ಡೌನ್ ಥ್ರಸ್ಟಿನಿಂದ ಮುಚ್ಚಿಡಬಹುದು, ವಾಸಿ ಮಾಡಲಾಗದು.

ಎಷ್ಟು ಕೋನ ಬೇಕು? ಟ್ರೈನರುಗಳಲ್ಲಿ 2ರಿಂದ 3 ಡಿಗ್ರಿ ಕೆಳಕ್ಕೆ, 2 ಡಿಗ್ರಿ ಬಲಕ್ಕೆ ಎಂಬುದು ಒಳ್ಳೆಯ ಆರಂಭ. ರೆಕ್ಕೆಯೂ ಮೋಟಾರೂ ಬಾಲವೂ ಹೆಚ್ಚು ಕಡಿಮೆ ಒಂದೇ ಗೆರೆಯಲ್ಲಿರುವ ಕಸರತ್ತಿನ ವಿಮಾನಗಳಿಗೆ ಕೆಳಗಿನ ವಾರೆ ಸೊನ್ನೆಯಿಂದ 1 ಡಿಗ್ರಿ ಸಾಕು. ಬಲದ ವಾರೆ ಮಾತ್ರ 2ರಿಂದ 3 ಡಿಗ್ರಿ ಬೇಕಾಗುತ್ತದೆ. ಇಷ್ಟು ಚಿಕ್ಕ ಕೋನ ಏನು ಮಾಡೀತು ಎಂದು ಅನುಮಾನ ಬರುವುದು ಸಹಜ, ಆದ್ದರಿಂದ ಲೆಕ್ಕ ಹಾಕಿ ನೋಡೋಣ. 1 ಕಿಲೋಗ್ರಾಂ ನೂಕುಬಲವಿರುವ ಮೋಟಾರನ್ನು 2 ಡಿಗ್ರಿ ಬಲಕ್ಕೆ ತಿರುಗಿಸಿದರೆ ಸುಮಾರು 35 ಗ್ರಾಂ ಬಲ ಪಕ್ಕಕ್ಕೆ ಬೀಳುತ್ತದೆ. ಪ್ರೊಪೆಲ್ಲರ್ ಗುರುತ್ವ ಕೇಂದ್ರಕ್ಕಿಂತ 25 ಸೆಂಟಿಮೀಟರ್ ಮುಂದಿದ್ದರೆ, ಅಷ್ಟು ದೂರದಲ್ಲಿ 35 ಗ್ರಾಂ ತೂಕದ ಬೆರಳೊಂದು ಮೂತಿಯನ್ನು ಬಿಡದೆ ಬಲಕ್ಕೆ ಒತ್ತುತ್ತಿರುವಂತೆ ಆಯಿತು. ಅದೇ 3 ಡಿಗ್ರಿ ಕೆಳಕ್ಕೆ ಬಾಗಿಸಿದರೆ 52 ಗ್ರಾಂ ಕೆಳಕ್ಕೆ ಎಳೆಯುತ್ತದೆ. ಹೀಗೆ ವಾರೆ ಮಾಡಿದ್ದರಿಂದ ಮುಂದಕ್ಕೆಳೆಯುವ ಬಲದಲ್ಲಿ ಆಗುವ ನಷ್ಟವಾದರೋ ಸಾವಿರಕ್ಕೆ ಒಂದೂವರೆ ಪಾಲನ್ನೂ ಮುಟ್ಟುವುದಿಲ್ಲ. ಜೊತೆಗೆ, ಥ್ರಾಟಲ್ ಇಳಿಸಿದರೆ ಈ ಬೆರಳಿನ ಒತ್ತೂ ಅಷ್ಟೇ ಇಳಿಯುತ್ತದೆ, ಮುಚ್ಚಿದರೆ ಇಲ್ಲವಾಗುತ್ತದೆ. ರಡ್ಡರ್ ಟ್ರಿಮ್ಮಿಗೆ ಈ ಗುಣವಿಲ್ಲ.

ಈಗ ಅಳತೆಗೆ ಬರೋಣ. ಮೊದಲು ಬ್ಯಾಟರಿಯನ್ನು ಬಿಚ್ಚಿ ದೂರ ಇಡಿ; ಪ್ರೊಪೆಲ್ಲರ್ ಕಟ್ಟಿರುವ ಮೋಟಾರಿನ ಹತ್ತಿರ ಬೆರಳಿಟ್ಟು ಮಾಡುವ ಕೆಲಸವಿದು. ಅಲಗನ್ನು ನೆಲಕ್ಕೆ ಸಮನಾಗಿ ಅಡ್ಡ ನಿಲ್ಲಿಸಿ. ಹಿಗ್ಗದ ದಾರವೊಂದನ್ನು ಬಾಲದ ನಟ್ಟನಡುವೆ ಗುಂಡುಸೂಜಿಗೆ ಕಟ್ಟಿ, ಬಲಗಡೆಯ ಅಲಗಿನ ತುದಿಯವರೆಗೆ ಬಿಗಿಯಾಗಿ ಹಿಡಿದು, ತುದಿ ಮುಟ್ಟಿದ ಜಾಗದಲ್ಲಿ ಗುರುತು ಮಾಡಿ. ಅನಂತರ ಅದೇ ಅಲಗನ್ನು ಅರ್ಧ ಸುತ್ತು ತಿರುಗಿಸಿ ಎಡಗಡೆಗೆ ತಂದು ಮತ್ತೆ ಅಳೆಯಿರಿ. ಅಲಗು ಅದೇ ಆಗಿರಬೇಕು, ಯಾಕೆಂದರೆ ಪ್ರೊಪೆಲ್ಲರಿನ ಎರಡು ಅಲಗುಗಳು ಕೂದಲೆಳೆಯಷ್ಟಾದರೂ ಬೇರೆ ಇರಬಹುದು. 10 ಇಂಚು ಎಂದರೆ 254 ಮಿಲಿಮೀಟರ್ ಅಗಲದ ಪ್ರೊಪೆಲ್ಲರಿನಲ್ಲಿ 2 ಡಿಗ್ರಿ ರೈಟ್ ಥ್ರಸ್ಟ್ ಇದ್ದರೆ ಬಲಗಡೆಯ ಅಳತೆ ಎಡಗಡೆಯದಕ್ಕಿಂತ ಸುಮಾರು 9 ಮಿಲಿಮೀಟರ್ ಕಡಿಮೆ ಬರುತ್ತದೆ. ಕಣ್ಣಿಗೆ ಹಿಡಿಯದ ಎರಡು ಡಿಗ್ರಿ ದಾರದ ಮೇಲೆ ಒಂದು ಬೆರಳಿನಗಲಕ್ಕೆ ಹತ್ತಿರ ಬಂದು ನಿಲ್ಲುವುದನ್ನು ನೋಡುವುದು ನನಗೆ ಇಂದಿಗೂ ಸಂತೋಷದ ವಿಷಯ. ಕೆಳಗಿನ ವಾರೆಗೆ, ಒಡಲನ್ನು ಆಧಾರ ರೇಖೆ ಮಟ್ಟವಾಗುವಂತೆ ಸ್ಟ್ಯಾಂಡಿನಲ್ಲಿ ಕೂರಿಸಿ, ಸ್ಪಿನ್ನರಿನ (ಪ್ರೊಪೆಲ್ಲರಿನ ನಡುವೆ ಕೂರುವ ಚೂಪು ಟೋಪಿಯ) ಹಿಂಬಿಲ್ಲೆಗೆ ಕೋನ ಅಳೆಯುವ ಡಿಜಿಟಲ್ ಮೀಟರನ್ನು ಒತ್ತಿ ಹಿಡಿದರೆ ಸಾಕು.

ಕೋನ ಬದಲಿಸುವುದು ವಾಷರುಗಳಿಂದ. ಬಲಕ್ಕೆ ತಿರುಗಿಸಬೇಕಾದರೆ ಮೋಟಾರನ್ನು ಹಿಡಿದಿರುವ ಮೌಂಟಿನ ಎಡಗಡೆಯ ಸ್ಕ್ರೂಗಳ ಅಡಿಗೆ, ಕೆಳಕ್ಕೆ ಬಾಗಿಸಬೇಕಾದರೆ ಮೇಲಿನ ಸ್ಕ್ರೂಗಳ ಅಡಿಗೆ, ಅಂದರೆ ಮೌಂಟಿಗೂ ಫೈರ್‌ವಾಲಿಗೂ ನಡುವೆ ವಾಷರ್ ಸೇರಬೇಕು. ಎಡ ಬಲದ ರಂಧ್ರಗಳ ನಡುವೆ 40 ಮಿಲಿಮೀಟರ್ ಅಂತರವಿದ್ದರೆ 1 ಮಿಲಿಮೀಟರ್ ದಪ್ಪದ ವಾಷರ್ ಸುಮಾರು 1.4 ಡಿಗ್ರಿ ಕೊಡುತ್ತದೆ. ಅಂತರ 30 ಮಿಲಿಮೀಟರ್ ಆದರೆ ಅದೇ ವಾಷರ್ 1.9 ಡಿಗ್ರಿ ಕೊಡುತ್ತದೆ. ಆದ್ದರಿಂದ ಇನ್ನೊಬ್ಬರು ಎರಡು ವಾಷರ್ ಹಾಕಿದರೆಂದು ನಾವೂ ಎರಡು ಹಾಕುವುದರಲ್ಲಿ ಅರ್ಥವಿಲ್ಲ. ಮೌಂಟಿನ ನಾಲ್ಕು ಕಾಲುಗಳು ಮೇಲೆ, ಕೆಳಗೆ, ಎಡ, ಬಲ ಎಂದು ಕೂಡಿಸುವ ಚಿಹ್ನೆಯಂತೆ ಇದ್ದರೆ ಒಂದು ಎಚ್ಚರ ಬೇಕು. ಎಡಗಾಲಿಗೆ ಪೂರ್ತಿ ದಪ್ಪ ಕೊಟ್ಟಾಗ ಮೇಲಿನ ಮತ್ತು ಕೆಳಗಿನ ಕಾಲುಗಳಿಗೆ ಅದರ ಅರ್ಧ ದಪ್ಪವನ್ನು ಕೊಡಲೇಬೇಕು. ಇಲ್ಲವಾದರೆ ಸ್ಕ್ರೂ ಬಿಗಿದಂತೆ ಮೌಂಟೇ ಬಾಗುತ್ತದೆ, ಅಳೆದ ಕೋನ ಒಂದಾಗಿ ಸಿಗುವ ಕೋನ ಇನ್ನೊಂದಾಗುತ್ತದೆ, ಬಾಗಿದ ಮೌಂಟ್ ಮೋಟಾರಿನ ನಡುಕಕ್ಕೆ ಸಿಕ್ಕಿ ಒಂದು ದಿನ ಬಿರುಕು ಬಿಡುತ್ತದೆ.

ಹೊಸ ವಿಮಾನಕ್ಕೆ ಫೈರ್‌ವಾಲ್ ಕೊರೆಯುತ್ತಿರುವವರು ಇನ್ನೊಂದನ್ನು ಯೋಚಿಸಬೇಕು. ಫೈರ್‌ವಾಲಿನಿಂದ ಪ್ರೊಪೆಲ್ಲರಿನವರೆಗೆ 80 ಮಿಲಿಮೀಟರ್ ಇದ್ದು ದಂಡ 2 ಡಿಗ್ರಿ ಬಲಕ್ಕೆ ತಿರುಗಿದರೆ ಸ್ಪಿನ್ನರ್ 2.8 ಮಿಲಿಮೀಟರ್ ಬಲಕ್ಕೆ ಸರಿದು, ಮೂತಿಯ ಕವಚದ ನಡುವಿನಿಂದ ಹೊರಗೆ ಬಂದಂತೆ ಕಾಣುತ್ತದೆ. ಮೊದಲೇ ಮೌಂಟಿನ ನಡುಬಿಂದುವನ್ನು ಅಷ್ಟೇ ಎಡಕ್ಕೆ ಗುರುತಿಸಿ ಕೊರೆದರೆ ಸ್ಪಿನ್ನರ್ ನಡುವಿಗೇ ಬರುತ್ತದೆ. ಕೆಳಗಿನ ವಾರೆಗೆ ಇದೇ ರೀತಿ ನಡುಬಿಂದುವನ್ನು ಮೇಲಕ್ಕೆ ಏರಿಸಬೇಕು.

ಹಾರಾಟದ ಪರೀಕ್ಷೆಗೆ ಹೋಗುವ ಮುನ್ನ ಉಳಿದೆಲ್ಲವೂ ಸರಿಯಿದೆಯೆಂದು ಖಚಿತವಾಗಬೇಕು: ರೆಕ್ಕೆ ಸೊಟ್ಟಗಾಗಿಲ್ಲ, ಗುರುತ್ವ ಕೇಂದ್ರ ನಕ್ಷೆ ಹೇಳಿದ ಜಾಗದಲ್ಲಿದೆ, ಒಂದು ರೆಕ್ಕೆ ಇನ್ನೊಂದಕ್ಕಿಂತ ಭಾರವಿಲ್ಲ. ಗಾಳಿಯಿಲ್ಲದ ಮುಂಜಾವಿನಲ್ಲಿ ವಿಮಾನವನ್ನು ಎತ್ತರಕ್ಕೆ ಒಯ್ದು, ಥ್ರಾಟಲ್ ಪೂರ್ತಿ ಮುಚ್ಚಿ, ಸುಮಾರು 45 ಡಿಗ್ರಿ ಇಳಿಜಾರಿನಲ್ಲಿ ಇಳಿಸಿ ಎಲಿವೇಟರಿನಿಂದ ಬೆರಳು ತೆಗೆಯಿರಿ. ಅದು ತಾನಾಗಿ ರಭಸದಿಂದ ಮೇಲೆದ್ದರೆ ತೂಕ ಮುಂದಿದೆ. ಇನ್ನೂ ಕಡಿದಾಗಿ ಒಳಕ್ಕೆ ಬಾಗಿದರೆ ತೂಕ ಹಿಂದಿದೆ, ತಡಮಾಡದೆ ಮೇಲೆತ್ತಿಕೊಳ್ಳಿ. ಮೋಟಾರು ಸುಮ್ಮನಿರುವಾಗ ನಡೆಯುವ ಈ ಪರೀಕ್ಷೆಯಲ್ಲಿ ಮೋಟಾರಿನ ಕೋನಕ್ಕೆ ಪಾತ್ರವಿಲ್ಲ, ಹಾಗಾಗಿಯೇ ಇದು ಮೊದಲು ನಡೆಯಬೇಕು.

ಅದು ಸರಿಹೋದ ಮೇಲೆ ಅರ್ಧ ಥ್ರಾಟಲಿಗಿಂತ ಸ್ವಲ್ಪ ಹೆಚ್ಚಿನಲ್ಲಿ ವಿಮಾನ ಕೈ ಬಿಟ್ಟರೂ ಮಟ್ಟವಾಗಿ ಹಾರುವಂತೆ ಟ್ರಿಮ್ ಮಾಡಿ, ನಿಮ್ಮ ಎದುರಿಗೆ ಅಡ್ಡಲಾಗಿ ಹಾಯಿಸಿ, ಥ್ರಾಟಲನ್ನು ಒಮ್ಮೆಲೇ ಮುಚ್ಚಿ. ಮೊದಲ ಒಂದು ಸೆಕೆಂಡಿನಲ್ಲಿ ಏನಾಯಿತೆಂದು ಮಾತ್ರ ನೋಡಿ. ಮೂತಿ ಇದ್ದಲ್ಲೇ ಇದ್ದು, ವೇಗ ಇಳಿದಂತೆ ಮೆಲ್ಲಗೆ ಬಾಗಿದರೆ ಕೋನ ಸರಿಯಿದೆ. ಮುಚ್ಚಿದ ಕೂಡಲೇ ಮೂತಿ ಮೇಲೆ ಚಿಮ್ಮಿದರೆ ಡೌನ್ ಥ್ರಸ್ಟ್ ಹೆಚ್ಚಾಗಿದೆ; ಅಷ್ಟು ಹೊತ್ತು ಮೋಟಾರು ಕೆಳಕ್ಕೆ ಎಳೆಯುತ್ತಿದ್ದುದನ್ನು ಎಲಿವೇಟರ್ ಟ್ರಿಮ್ ತಡೆದು ಹಿಡಿದಿತ್ತೆಂದು ಅರ್ಥ. ಕೂಡಲೇ ಧೊಪ್ಪನೆ ಕುಸಿದರೆ ಡೌನ್ ಥ್ರಸ್ಟ್ ಸಾಲದು. ಒಂದು ಸಲದ ನೋಟವನ್ನು ನಂಬಬೇಡಿ. ಗಾಳಿಯ ಒಂದು ಅಲೆಯೂ ಹೀಗೇ ತೋರಬಹುದು. ನಾಲ್ಕೈದು ಸಲ ಒಂದೇ ಉತ್ತರ ಬಂದ ಬಳಿಕ ಇಳಿಸಿ, ಅರ್ಧ ಡಿಗ್ರಿಯಷ್ಟು ಬದಲಿಸಿ, ಮತ್ತೆ ಟ್ರಿಮ್ ಮಾಡಿ, ಮತ್ತೆ ನೋಡಿ.

ಬಲದ ವಾರೆಯ ಪರೀಕ್ಷೆ ಎರಡು ಹಂತದ್ದು. ಮೊದಲ ಹಂತದಲ್ಲಿ ಎತ್ತರದಿಂದ ಥ್ರಾಟಲ್ ಮುಚ್ಚಿ ನೇರ ಕೆಳಕ್ಕೆ ಇಳಿಸಿ, ವಿಮಾನ ಪಕ್ಕಕ್ಕೆ ಓಡಿದರೆ ರಡ್ಡರ್ ಟ್ರಿಮ್‌ನಿಂದ ತಿದ್ದಿ. ಆಮೇಲೆ ರಡ್ಡರನ್ನು ಮುಟ್ಟಬೇಡಿ. ಎರಡನೆಯ ಹಂತದಲ್ಲಿ ವಿಮಾನವನ್ನು ನಿಮ್ಮಿಂದ ನೇರವಾಗಿ ದೂರ ಹೋಗುವಂತೆ ಮಾಡಿ, ರೆಕ್ಕೆಗಳು ಮಟ್ಟವಾಗಿರುವಾಗ ಪೂರ್ತಿ ಥ್ರಾಟಲಿನಲ್ಲಿ ನೆಟ್ಟಗೆ ಮೇಲಕ್ಕೆ ಎತ್ತಿ, ಬೆನ್ನು ನಿಮಗೆ ಕಾಣುವಂತೆ ಏರಲು ಬಿಡಿ. ಮೂತಿ ಎಡಕ್ಕೆ ವಾಲಿದರೆ ರೈಟ್ ಥ್ರಸ್ಟ್ ಸಾಲದು, ಬಲಕ್ಕೆ ವಾಲಿದರೆ ಹೆಚ್ಚಾಗಿದೆ. ಏರುತ್ತಾ ವೇಗ ಕಳೆದುಕೊಳ್ಳುವ ಕೊನೆಯ ಗಳಿಗೆ ಮುಖ್ಯ: ಅಲ್ಲಿ ರಡ್ಡರಿಗೆ ಬಲ ಕಡಿಮೆ, ಮೋಟಾರಿನ ಪರಿಣಾಮವೇ ಮೇಲುಗೈ. ಒಂದನ್ನು ಇಲ್ಲಿ ಬಿಡಿಸಿ ಹೇಳಬೇಕು. ಮೂತಿ ಎಡಕ್ಕೆ ತಿರುಗುವುದು ಬೇರೆ, ಒಡಲು ಎಡಕ್ಕೆ ಹೊರಳುವುದು ಬೇರೆ. ಟಾರ್ಕಿನ ಹೊರಳುವಿಕೆಯನ್ನು ರೈಟ್ ಥ್ರಸ್ಟ್ ನೇರವಾಗಿ ತಡೆಯುವುದಿಲ್ಲ. ಅದು ರೆಕ್ಕೆಯ ಹಿಂದಿನ ಅಂಚಿನಲ್ಲಿ ಅಲುಗುವ ಹಲಗೆಯಾದ ಏಲೆರಾನಿನ ಕೆಲಸ. ಏಲೆರಾನ್ ಇಲ್ಲದ, ರೆಕ್ಕೆಗಳು ಮೇಲಕ್ಕೆ ಬಾಗಿರುವ ವಿಮಾನದಲ್ಲಿ ಮಾತ್ರ ಮೂತಿ ಬಲಕ್ಕೆ ತಿರುಗಿದರೆ ಒಡಲೂ ಬಲಕ್ಕೆ ಹೊರಳುವುದರಿಂದ ಎರಡಕ್ಕೂ ಒಂದೇ ಮದ್ದು ಸಾಕಾಗುತ್ತದೆ.

ರಿಮೋಟಿನಲ್ಲೇ ಥ್ರಾಟಲಿಗೆ ರಡ್ಡರನ್ನೂ ಎಲಿವೇಟರನ್ನೂ ಮಿಕ್ಸ್ ಮಾಡಿದರೆ, ಅಂದರೆ ಥ್ರಾಟಲ್ ಸರಿದಂತೆ ಅವೂ ತಾವಾಗಿ ಸರಿಯುವಂತೆ ಮಾಡಿದರೆ, ಸಾಲದೇ ಎಂದು ಹಲವರು ಕೇಳುತ್ತಾರೆ. ಮಾಡಬಹುದು, ಕೋನ ಹದವಾದ ಮೇಲೆ ಉಳಿದ ಚೂರುಪಾರನ್ನು ಹೀಗೆ ತಿದ್ದುವುದರಲ್ಲಿ ತಪ್ಪಿಲ್ಲ. ಕೋನದ ಬದಲಿಗೆ ಮಿಕ್ಸ್ ಎಂಬುದನ್ನು ಮಾತ್ರ ನಾನು ಒಪ್ಪುವುದಿಲ್ಲ. ರಡ್ಡರಿನ ಬಲ ಅದರ ಮೇಲೆ ಹಾಯುವ ಗಾಳಿಯ ವೇಗವನ್ನು ಅವಲಂಬಿಸಿದೆ, ಥ್ರಾಟಲ್ ಕಡ್ಡಿ ಎಲ್ಲಿದೆ ಎಂಬುದನ್ನಲ್ಲ. ಹಾಗಾಗಿ ವೇಗದ ಹಾರಾಟಕ್ಕೆ ಸರಿಹೊಂದಿಸಿದ ಮಿಕ್ಸ್, ನಿಧಾನವಾಗಿ ಇಳಿಯುತ್ತಿದ್ದು ಗಾಬರಿಯಿಂದ ಪೂರ್ತಿ ಥ್ರಾಟಲ್ ಕೊಟ್ಟು ಮೇಲೇಳುವಾಗ ಸಾಲದೆ ಹೋಗುತ್ತದೆ. ಮೋಟಾರಿನ ವಾರೆ ನೂಕುಬಲದ ಜೊತೆಜೊತೆಯಲ್ಲೇ ಏರಿ ಇಳಿಯುತ್ತದೆ.

ಸಭೆಯಲ್ಲಿ ಒಬ್ಬರು, ಮೋಟಾರು ರೆಕ್ಕೆಯ ಹಿಂದೆ ಎತ್ತರದ ಕಂಬದ ಮೇಲಿದ್ದರೆ ಏನು ಮಾಡಬೇಕೆಂದು ಕೇಳಿದರು. ಅಲ್ಲಿ ನೂಕುಬಲ ಗುರುತ್ವ ಕೇಂದ್ರಕ್ಕಿಂತ ಬಹಳ ಮೇಲಿರುವುದರಿಂದ ಥ್ರಾಟಲ್ ಕೊಟ್ಟೊಡನೆ ಮೂತಿ ಕೆಳಗಾಗುತ್ತದೆ. ಡೌನ್, ರೈಟ್ ಎಂಬ ಹೆಸರುಗಳು ಅಲ್ಲಿ ಗೊಂದಲ ತರುತ್ತವೆ. ಕಾಗದದ ಮೇಲೆ ವಿಮಾನದ ಪಕ್ಕನೋಟ ಬರೆದು, ಮೋಟಾರಿನಿಂದ ಮುಂದಕ್ಕೆ ಬಾಣವೊಂದನ್ನು ಎಳೆಯಿರಿ. ಆ ಬಾಣವನ್ನು ಇಳಿಜಾರಾಗಿಸಿ ಗುರುತ್ವ ಕೇಂದ್ರದ ಹತ್ತಿರ ಹಾಯುವಂತೆ ಮಾಡಿದಷ್ಟೂ ಮೂತಿ ಬಾಗುವುದು ಕಡಿಮೆಯಾಗುತ್ತದೆ. ಕಂಬ ಎತ್ತರವಿದ್ದರೆ ಪೂರ್ತಿ ಹತ್ತಿರ ತರಲಾಗದು, ಉಳಿದದ್ದಕ್ಕೆ ಮಿಕ್ಸನ್ನೇ ಆಶ್ರಯಿಸಬೇಕು.

ಇನ್ನೊಬ್ಬರ ಪ್ರಶ್ನೆ: ಒಮ್ಮೆ ಹೊಂದಿಸಿದ ಕೋನ 3 ಸೆಲ್ ಬ್ಯಾಟರಿಯಿಂದ 4 ಸೆಲ್‌ಗೆ ಹೋದರೆ, ಅಥವಾ ಪ್ರೊಪೆಲ್ಲರ್ ಬದಲಿಸಿದರೆ ಉಳಿಯುವುದೇ? ನೂಕುಬಲ ಹೆಚ್ಚಿದಾಗ ಎಡಸೆಳೆತ ಹೆಚ್ಚಿದರೂ ವಾರೆಯ ಬಲವೂ ಜೊತೆಗೇ ಹೆಚ್ಚುವುದರಿಂದ ಬ್ಯಾಟರಿ ಬದಲಾವಣೆ ಹಲವು ಸಲ ಅಷ್ಟಾಗಿ ಕಾಡುವುದಿಲ್ಲ. ಪ್ರೊಪೆಲ್ಲರಿನ ಪಿಚ್ (ಒಂದು ಸುತ್ತಿಗೆ ಅದು ಮುಂದೆ ಸಾಗಬೇಕಾದ ದೂರ) ಹೆಚ್ಚಿದಾಗ ಮಾತ್ರ ಅದೇ ನೂಕುಬಲಕ್ಕೆ ಟಾರ್ಕೂ ಸುಳಿಯೂ ಹೆಚ್ಚಾಗುವುದರಿಂದ ನೆಟ್ಟಗೆ ಏರುವ ಪರೀಕ್ಷೆಯನ್ನು ಮತ್ತೆ ಮಾಡಲೇಬೇಕು. ನಾನು ಕೋನ ನಿಶ್ಚಯವಾದ ಮೇಲೆ ಬಿಡಿ ವಾಷರುಗಳನ್ನು ತೆಗೆದು, ಅದೇ ಕೋನಕ್ಕೆ ಉಜ್ಜಿದ ಪ್ಲೈವುಡ್ಡಿನ ಒಂದೇ ಬೆಣೆಯನ್ನು ಮೌಂಟಿನ ಪೂರ್ತಿ ಅಗಲಕ್ಕೆ ಕೂರಿಸಿ, ಸ್ಕ್ರೂಗಳ ಎಳೆಗೆ ಲಾಕ್ ದ್ರವ ಹಚ್ಚಿ ಬಿಗಿಯುತ್ತೇನೆ. ಬೆಣೆಯ ಅಂಚಿನ ಮೇಲೆ ಎರಡು ಕೋನಗಳನ್ನೂ ಆಗ ಕಟ್ಟಿದ್ದ ಪ್ರೊಪೆಲ್ಲರಿನ ಅಳತೆಯನ್ನೂ ಪೆನ್ಸಿಲಿನಲ್ಲಿ ಬರೆದಿಡುತ್ತೇನೆ. ಮೇಜಿನ ಮೇಲಿರುವ ಈ ವಿಮಾನದ ಮೂತಿಯ ಕವಚ ತೆಗೆದು ನೋಡಿದರೆ ಅದು ನಿಮಗೂ ಕಾಣುತ್ತದೆ: ಕೆಳಕ್ಕೆ 2.5, ಬಲಕ್ಕೆ 2, ಪ್ರೊಪೆಲ್ಲರ್ 10 ಇಂಚು, ಪಿಚ್ 5.